ನೆತ್ತಿಯ ಕಿಂಡಿಯ ಗಾಜು

ಮಗಳೇ,

ಸತ್ತವಳಿಗೆ ಪತ್ರ ಬರೆಯುವುದು ಯಾವ ಸೀಮೆಯ ಬುದ್ಧಿ! ನಿನ್ನಮ್ಮನ ಕಾಟಕ್ಕೆ ಕೂತಿದ್ದೇನೆ.

ಇವತ್ತು ನಿನ್ನ ಜಾಗಕ್ಕೆ ಬಂದ ಹುಡುಗಿ, ಎತ್ತರದ ಹಿಮಮೋಡಗಳ ಶಾಖ ಅಳೆಯುವ ನಿನ್ನ ಯಂತ್ರವನ್ನು ವಿಮಾನದ ನೆತ್ತಿಯ ಕಿಂಡಿಗೆ ಕೂರಿಸುತ್ತಿದ್ದಳು. ವಿಮಾನ ರಿಪೇರಿ ಮಾಡುವವನ ಅಭ್ಯಾಸ, ಧೂಳು ಬೀಳದಂತೆ ಮೇಲೊಂದು ಗಾಜು ಬಿಗಿಯಲೇ ಎಂದೆ.

"ಅಯ್ಯೋ ಮೇಸ್ತ್ರಿ, ಗಾಜು ಶಾಖ ತಡೆಯುತ್ತೆ! ಮೋಡ ಬಿಟ್ಟು ಗಾಜನ್ನೇ ಅಳೆದ ಹಾಗಾಗುತ್ತೆ. ನಿಮ್ಮ ಮಗಳೇ ಹಿಂದೆ ಗಾಜು ಹಾಕಿ ಒಂದು ಹಾರಾಟ ಪೂರ್ತಿ ಹಾಳಾಯ್ತಲ್ಲ? ತಪ್ಪು ನಂದೇ ಅಂತ ಬರೆದುಕೊಟ್ಟಿದ್ದಾರೆ."

ಆ ಗಾಜು ಹಾಕಿದ್ದು ನಾನು. ನಿನ್ನನ್ನು ಹಾರಾಟದಿಂದ ಕೈಬಿಟ್ಟಾಗ, ಕೆಲಸದಲ್ಲಿ ನಿಗಾ ಇಲ್ಲದ ದಂಡಪಿಂಡ ಎಂದು ಊಟಕ್ಕೆ ಕೂತವಳನ್ನು ಬೈದವನೂ ನಾನೇ. ನೀನು ಕುಡಿಯಲು ನೀರು ಕೇಳಿದೆ, ಅಷ್ಟೇ.

ಅವತ್ತೇ ಯಾಕೆ ಹೇಳಲಿಲ್ಲ? ಇದೇ ಇಪ್ಪತ್ತನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.