ಎಡಗಿವಿಯ ಕಚ್ಚು

ರಾಜಾನುಕುಂಟೆ
೯ ಫೆಬ್ರವರಿ ೨೦೨೫, ಭಾನುವಾರ

ಮನೆಯವರಿಗೆ,

ಸರಳಾ ಮಾಡುವ ನಮಸ್ಕಾರ. ರೂಢಿಗೆ ಬರೆದದ್ದು, ಹೆಚ್ಚಿನ ಅರ್ಥ ಹುಡುಕಬೇಡಿ. ಫೋನ್ ಮಾಡಿದರೆ ನೀವು ಎರಡು ಮಾತಿಗೆ ವಿಷಯ ತಿರುಗಿಸಿ, ಮೂರನೆಯದಕ್ಕೆ ನಿಮ್ಮ ಅಕ್ಕನ ಕೈಗೆ ಫೋನ್ ಕೊಟ್ಟುಬಿಡುತ್ತೀರಿ. ಕಾಗದಕ್ಕೆ ಆ ತೊಂದರೆಯಿಲ್ಲ. ಬೂಸಾ ತರಲು ಮಾಕಳಿಗೆ ಟೆಂಪೋ ಓಡಿಸುವ ಮುನಿಕೃಷ್ಣಪ್ಪನ ಹತ್ತಿರ ಕಳಿಸುತ್ತಿದ್ದೇನೆ. ರಘುನಾಥಣ್ಣನ ಕೈಗೇ ಕೊಡಬೇಕು, ಅವರ ಅಕ್ಕನ ಕೈಗಲ್ಲ ಅಂತ ಹೇಳಿದ್ದೇನೆ.

ಮೊದಲು ಫಾರಂ ಸಮಾಚಾರ. ಹಾಲು ಬಿಟ್ಟ ಹಂದಿಮರಿಗಳಿದ್ದ ಮರಿಮನೆ ಪೂರ್ತಿ ಖಾಲಿ. ಸತ್ತದ್ದು ಗುಂಡಿಗೆ, ಸಾಯುತ್ತಿದ್ದದ್ದನ್ನು ಡಾಕ್ಟರ್ ಮಧುಶ್ರೀ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ತಾಯಿಮನೆಯಲ್ಲಿ ಗಬ್ಬದ ಹಂದಿಗಳು ದಿನ ತುಂಬುವ ಮೊದಲೇ ಮರಿ ಹಾಕಿಬಿಟ್ಟವು. ಕೆಲವು ಮರಿಗಳು ಹೊಟ್ಟೆಯಲ್ಲೇ ಒಣಗಿ, ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗೆ, ಮೆತ್ತಗೆ ಬಂದವು. ಅವನ್ನು ಕೈಯಿಂದ ಎತ್ತಿ ಬಕೆಟ್ಟಿಗೆ ಹಾಕಿದವಳು ನಾನು. ಅಂದಿನಿಂದ ಮನೆಗೆ ಬದನೆಕಾಯಿ ತಂದಿಲ್ಲ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಕೂದಲಿನ ಆ ವಾಸನೆ ಹೋಗುತ್ತಿಲ್ಲ. ಹಿಂದಿನ ಲೇಔಟಿನವರು ನಾತ ಅಂತ ಮತ್ತೆ ದೂರು ಕೊಟ್ಟರು. ಈ ಸಲ ನಾನು ಅವರ ಹತ್ತಿರ ವಾದ ಮಾಡಲಿಲ್ಲ.

ಗುಂಡಿ ತೋಡಿಸಿದ ದಿನ ನೀವು ಸೆಂಟು ಹಾಕಿದ ಕರ್ಚೀಫು ಮೂಗಿಗೆ ಹಿಡಿದು ಕಾರಿನ ಪಕ್ಕ ನಿಂತಿದ್ದಿರಿ. ಸಾಯಂಕಾಲ ಯಲಹಂಕಕ್ಕೆ ಹೋಗಿ ಬಿರಿಯಾನಿ ತಿಂದು, ಪಾಪ ಅಂತ ನನಗೂ ಒಂದು ಪ್ಯಾಕೆಟ್ ತಂದಿರಿ. ಬಿಚ್ಚಿದವಳೇ ಹಿತ್ತಲಿಗೆ ಓಡಿ ಕಾರಿಕೊಂಡೆ. ಆಗ ಅದು ಹಂದಿಗಳ ದೆಸೆಯಿಂದ ಅಂದುಕೊಂಡಿದ್ದೆ.

ನಮ್ಮಲ್ಲಿ ಇದ್ದದ್ದು ಒಂದೇ ಕಟ್ಟುಪಾಡು. ಹಂದಿ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಕೂಡದು. ತಾಯಿಮನೆಯಿಂದ ಮರಿಮನೆಗೆ, ಅಲ್ಲಿಂದ ದೊಡ್ಡ ಶೆಡ್ಡಿಗೆ, ಅಲ್ಲಿಂದ ಲಾರಿಗೆ. ಹೋದರೆ ತಂಡ ಪೂರ್ತಿ ಹೋಗಬೇಕು. ಖಾಲಿಯಾದ ಮನೆ ತೊಳೆದು, ಸುಣ್ಣ ಹೊಡೆದು, ಒಣಗಿದ ಮೇಲೇ ಮುಂದಿನ ತಂಡ. ಮನುಷ್ಯರಿಗೂ ಅದೇ ದಾರಿ, ಬೆಳಿಗ್ಗೆ ಎಳೆಯವುಗಳ ಹತ್ತಿರ ಮೊದಲು, ಬಲಿತವುಗಳ ಹತ್ತಿರ ಕೊನೆಗೆ, ಆಮೇಲೆ ಸ್ನಾನ. ದೊಡ್ಡ ಹಂದಿ ಕೆಮ್ಮಿ ತಡೆದುಕೊಳ್ಳುವ ವೈರಸ್ಸು ಎಳೆಯದನ್ನು ಉಳಿಸುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ, ಪ್ರತಿ ಗೇಟಿನ ಮೇಲೂ ಕೆಂಪು ಬಾಣ ಬರೆದದ್ದು ನೀವೇ. ತಾಯಿಮನೆಯ ಕೆಲಸಕ್ಕಿದ್ದ ಮರಿಯಮ್ಮನಿಗೆ ಓದಲು ಬರುವುದಿಲ್ಲ, ಬಾಣವಾದರೆ ತಿಳಿಯುತ್ತದೆ ಎಂದಿರಿ. ಅವಳು ಒಂದು ದಿನವೂ ಬಾಣ ತಪ್ಪಲಿಲ್ಲ.

ರೋಗ ಕಾಣಿಸಿದಾಗ ಡಾಕ್ಟರ್ ನಮ್ಮೆಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಯಾವುದಾದರೂ ಪ್ರಾಣಿ ಹಿಂದಿನ ಶೆಡ್ಡಿಗೆ ವಾಪಸ್ ಬಂತೇ ಎಂದು ಕೇಳಿದರು. ನೀವು ಕಣ್ಣು ಮಿಟುಕಿಸದೆ ಇಲ್ಲ ಎಂದಿರಿ. ಆಮೇಲೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರೂ ಕೇಳದಿದ್ದರೂ ಮರಿಯಮ್ಮನ ಕಡೆ ತಿರುಗಿದಿರಿ. ಅವರ ಮನೆಯಲ್ಲಿ ಹಂದಿ ಮಾಂಸ ಬೇಯಿಸುತ್ತಾರೆ, ಡಬ್ಬಿಯಲ್ಲಿ ತಂದಿರಬೇಕು, ಅದೇ ಕೈಯಲ್ಲಿ ಮರಿ ಮುಟ್ಟಿರಬೇಕು ಎಂದಿರಿ. ಅವಳ ಜಾತಿ ಹಿಡಿದು ಇನ್ನೊಂದು ಮಾತೂ ಆಡಿದಿರಿ. ಡಾಕ್ಟರ್ ತಲೆ ತಗ್ಗಿಸಿದರು. ಮರಿಯಮ್ಮ ಏಪ್ರನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಂದಿ ಸಾಕುವವರ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಫೋಟೋ ಹಾಕಿ, ಈಕೆಯಿಂದ ನಮ್ಮ ಫಾರಂ ಹಾಳಾಯಿತು, ನಿಮ್ಮ ಗೇಟಿನೊಳಗೆ ಬಿಡಬೇಡಿ ಎಂದು ಬರೆದಿರಿ. ಕೆಳಗೆ ಕೈಮುಗಿಯುವ ಗುರುತು ಬೇರೆ. ದೊಡ್ಡಬಳ್ಳಾಪುರ ರಸ್ತೆಯ ಉದ್ದಕ್ಕೂ ಈಗ ಅವಳನ್ನು ಒಬ್ಬರೂ ಕೆಲಸಕ್ಕೆ ಕರೆಯುತ್ತಿಲ್ಲ. ಅಂಗಡಿಯವನು ಅವಳಿಗೆ ಎಲೆಅಡಿಕೆ ಕೊಡುವಾಗ ಕೈಗೆ ಕೊಡದೆ ಹಲಗೆಯ ಮೇಲೆ ಹಾಕುತ್ತಾನಂತೆ, ರೋಗ ಅಂಟೀತು ಅಂತ. ಹಂದಿಯ ಈ ರೋಗ ಮನುಷ್ಯರಿಗೆ ಬರುವುದಿಲ್ಲ ಎಂಬುದು ನಿಮಗೆ ಚೆನ್ನಾಗಿ ಗೊತ್ತಿತ್ತು.

ಆವತ್ತು ರಾತ್ರಿ ಊಟಕ್ಕೆ ಕೂತಾಗ, ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ ಗಾದೆ ಹೇಳಿ ಮುದ್ದೆ ಮುರಿದಿರಿ. ನಾನು ಸಾರು ಬಡಿಸಿದೆ.

ನನಗೆ ತಿಳಿದದ್ದು ಗುಂಡಿಯ ಹತ್ತಿರ. ಪ್ರತಿ ತಂಡದ ಕಿವಿಗೂ ಬೇರೆ ಬೇರೆ ಜಾಗದಲ್ಲಿ ಗುರುತಿಗೆ ಕತ್ತರಿಸಿ ಕಚ್ಚು ಹಾಕುತ್ತೇವಲ್ಲ, ಮರಿಮನೆಯಲ್ಲಿದ್ದ ತಂಡಕ್ಕೆ ಬಲಗಿವಿ. ಸುಣ್ಣ ಸುರಿಯುತ್ತಾ ಬಂದಾಗ ಎಡಗಿವಿಯಲ್ಲಿ ಕಚ್ಚು ಇದ್ದ ಒಂದು ಹೆಣ ಕಂಡಿತು. ಆ ಕಚ್ಚು ದೊಡ್ಡ ಶೆಡ್ಡಿನ ತಂಡದ್ದು. ಮಣ್ಣು ಸರಿಸಿ ನೋಡಿದೆ, ಅಂಥವೇ ಇನ್ನೂ ಕೆಲವಿದ್ದವು. ವಯಸ್ಸಾಗಿಯೂ ಬೆಳೆಯದೆ ಕುಳ್ಳಾಗಿ ಉಳಿದವು, ಬೆನ್ನುಮೂಳೆ ಎದ್ದು ಕಾಣುವಂಥವು. ಹೊಟ್ಟೆ ಒಡೆದು ನೊಣ ಮುತ್ತಿದ್ದವು. ಸುಣ್ಣದ ಬುಟ್ಟಿ ಅಲ್ಲೇ ಬಿಟ್ಟು ಹೊರಟೆ.

ಮನೆಗೆ ಬಂದು ಕೇಳಿದಾಗ ನೀವು ಮುಚ್ಚಿಡಲೂ ಕಷ್ಟಪಡಲಿಲ್ಲ. ಈ ಬಡಕಲುಗಳನ್ನು ದೊಡ್ಡವು ಮೇವಿನ ತೊಟ್ಟಿಗೆ ಬಿಡದೆ ತಳ್ಳುತ್ತಿದ್ದವಂತೆ, ಮರಿಗಳ ಜೊತೆ ಬಿಟ್ಟರೆ ನಾಲ್ಕು ತುತ್ತು ತಿಂದು ಮೈಕಟ್ಟುತ್ತವೆ ಅಂತ ಹೊತ್ತು ತಂದಿರಂತೆ. ಅದೇ ಬೂಟಿನಲ್ಲಿ ತಾಯಿಮನೆಗೂ ಒಮ್ಮೆ ಹೋಗಿ ಬಂದಿರಂತೆ. ನನ್ನ ಮಾವ, ನಿಮ್ಮಪ್ಪ ಮುನಿಗಂಗಪ್ಪನವರು ಕುರಿ ಸಾಕುವಾಗ ಬಡಕಲು ಕುರಿಯನ್ನು ಮರಿಗಳ ರೊಪ್ಪಕ್ಕೇ ಬಿಡುತ್ತಿದ್ದರು, ಅದನ್ನೇ ನೋಡಿ ಬೆಳೆದವನು ನಾನು ಎಂದಿರಿ. ದೊಡ್ಡ ಶೆಡ್ಡಿನಲ್ಲಿ ಆಗಲೇ ಕೆಮ್ಮು ಇತ್ತಲ್ಲ ಎಂದರೆ, "ಏನೋ ಪಾಪ ಅಂತ ಬಿಟ್ಟೆ ಕಣೇ, ಈಗ ಊರಿಗೆಲ್ಲಾ ಯಾಕ್ ಹೇಳ್ಬೇಕು? ಮರಿಯಮ್ಮ ಇನ್ನೆಲ್ಲೋ ಕೆಲ್ಸ ನೋಡ್ಕೋತಾಳೆ ಬಿಡು" ಎಂದು ಟೀವಿ ಹಾಕಿದಿರಿ.

ಕೇಳಿ. ಆ ಬಡಕಲು ಹಂದಿಗಳನ್ನು ನೀವು ಎತ್ತಿಕೊಂಡು ಬಂದದ್ದು ಮರುಕದಿಂದ. ತಳ್ಳಿಸಿಕೊಂಡ ಪ್ರಾಣಿಯನ್ನು ನೋಡಿ ಸುಮ್ಮನಿರಲಾರದ ಗಂಡಸು ಅಂತಲೇ ನಾನು ನಿಮ್ಮನ್ನು ಒಪ್ಪಿದ್ದು. ಆ ತಪ್ಪನ್ನು ಡಾಕ್ಟರ ಎದುರು ಹೇಳಿದ್ದರೆ, ಇಡೀ ಮರಿಮನೆ ಹೋದರೂ ನಿಮ್ಮ ಪಕ್ಕ ನಿಂತು ಗುಂಡಿ ತೋಡುತ್ತಿದ್ದೆ. ಬಡಕಲು ಹಂದಿಗೆ ಅಷ್ಟು ಕರಗಿದ ಮನಸ್ಸು, ನಮ್ಮ ಕೊಟ್ಟಿಗೆಯಲ್ಲಿ ಮಂಡಿಯೂರಿ ಮರಿಗಳ ಮೂಗಿನ ಲೋಳೆ ಒರೆಸುತ್ತಿದ್ದ ಹೆಂಗಸಿನ ವಿಷಯಕ್ಕೆ ಕಲ್ಲಾಯಿತಲ್ಲ, ಅದು ನನಗೆ ನುಂಗಲಾಗುತ್ತಿಲ್ಲ. ಸಿಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಇಳಿಯುತ್ತಿತ್ತು. ಇದು ಹೇಸಿಗೆ. ಬಿರಿಯಾನಿ ತಂದ ದಿನ ನಾನು ಹಿತ್ತಲಿಗೆ ಓಡಿದ್ದೂ ಇದರಿಂದಲೇ. ಗೂಟದಲ್ಲಿ ನೇತಾಡುತ್ತಿದ್ದ ನಿಮ್ಮ ಟವೆಲ್ಲನ್ನು ಕಡ್ಡಿಯಲ್ಲಿ ಎತ್ತಿ ಹಿತ್ತಲಿಗೆ ಹಾಕಿದೆ. ನೀವು ಮಾಕಳಿಯ ಅಕ್ಕನ ಮನೆಗೆ ಹೊರಟಾಗ ತಡೆಯದೆ ಇದ್ದದ್ದು ಅದಕ್ಕೇ.

ಮಾವನಿಗೆ ಎಲ್ಲ ಹೇಳಿದೆ. ಕೋಲು ಕುಟ್ಟುತ್ತಾ, "ಕುರಿ ಬ್ಯಾರೆ, ಅಂದಿ ಬ್ಯಾರೆ. ಅದುನ್ನ ಬುಟ್ಟಾಕು. ಆ ಎಣ್ಣುಮಗೀನ್ ಮ್ಯಾಲ್ ಯಾಕ್ ಆಕ್ದ?" ಅಂದರು. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ಇನ್ನು ಆಗಬೇಕಾದದ್ದು. ಫಾರಂ ಆರು ತಿಂಗಳು ಮುಚ್ಚಿದ ಹಾಗೆ. ಹೊರಗಿನಿಂದ ಒಂದು ಹಂದಿಯನ್ನೂ ತರುವುದಿಲ್ಲ. ಉಳಿದ ತಾಯಿಗಳಿಗೆ ಮೈಯಲ್ಲಿ ತಡೆಯುವ ಶಕ್ತಿ ಬರುವವರೆಗೆ ಕಾಯಬೇಕು ಎಂದಿದ್ದಾರೆ ಡಾಕ್ಟರ್. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಮಾಡಬೇಕಾದದ್ದು, ಅದೇ ಗ್ರೂಪಿನಲ್ಲಿ, ಅದೇ ನಿಮ್ಮ ಹೆಸರಿನಲ್ಲಿ, ದೊಡ್ಡ ಶೆಡ್ಡಿನ ಹಂದಿಗಳನ್ನು ಮರಿಮನೆಗೆ ತಂದವನು ನಾನು, ಮರಿಯಮ್ಮನದು ಏನೂ ತಪ್ಪಿಲ್ಲ ಎಂದು ಬರೆಯುವುದು. ಆಮೇಲೆ ಇಲ್ಲಿಗೆ ಬಂದು, ಅದೇ ಅಂಗಳದಲ್ಲಿ ಅವಳೆದುರು ಬಾಯಿಬಿಟ್ಟು ಹೇಳುವುದು. ನೀವು ಬರೆಯದಿದ್ದರೆ ನಾನೇ ಬರೆಯುತ್ತೇನೆ. ಆಗ ಗೇಟಿನೊಳಗೆ ನಿಮ್ಮನ್ನು ಬಿಡುವುದಿಲ್ಲ. ಮನೆಯ ಗೇಟಿನ ಮಾತನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮರಿಯಮ್ಮ ಕೆಲಸಕ್ಕೆ ವಾಪಸ್ ಬಂದರೆ ತಾಯಿಮನೆ ಉಳಿಯುತ್ತದೆ ಎಂಬ ಆಸೆ ನನಗಿದೆ. ಅವಳ ದನಿ ಕೇಳದೆ ಹಂದಿಗಳು ಮೇವಿಗೂ ಸರಿಯಾಗಿ ಏಳುತ್ತಿಲ್ಲ. ಬಿ.ಪಿ. ಮಾತ್ರೆ ಕಪಾಟಿನಲ್ಲೇ ಬಿಟ್ಟು ಹೋಗಿದ್ದಿರಿ, ಇದರ ಜೊತೆ ಇಟ್ಟಿದ್ದೇನೆ, ತಪ್ಪದೆ ನುಂಗಿ.

ನಿಮ್ಮ ಉತ್ತರಕ್ಕಲ್ಲ, ಗ್ರೂಪಿಗೆ ನೀವು ಹಾಕುವ ಆ ಎರಡು ಸಾಲಿಗೆ ಕಾದಿರುವ,
ಸರಳಾ

ವಿ.ಸೂ.: ಕಾಗದ ಮಡಿಸುವ ಮೊದಲು ಮರಿಯಮ್ಮನ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಅವಳ ಹೆಸರಿನ ವಿಷಯ, ಅವಳಿಗೆ ತಿಳಿಯದೆ ಕಳಿಸಬಾರದು ಅನ್ನಿಸಿತು. ಕೆಲಸಕ್ಕೆ ಬಾ ಎಂದು ಕೇಳಿದೆ, ಬರುವುದಿಲ್ಲ ಎಂದಳು. ಮತ್ತೆ ಕೇಳಲು ನನಗೆ ಮುಖವಿರಲಿಲ್ಲ. ಮೊದಲು ಬರೆದಾಗ, ನೀವು ಆವತ್ತು ಅಂಗಳದಲ್ಲಿ ಅವಳಿಗೆ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೇ ಬರೆದಿದ್ದೆ, ನಿಮಗೆ ನಾಚಿಕೆಯಾಗಲಿ ಅಂತ. ಅದನ್ನು ಓದುವಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಆ ಪುಟ ಅವಳ ಒಲೆಗೇ ಹಾಕಿ, ಬೇರೆ ಬರೆದೆ. ನಿಮಗೆ ತಿಳಿಸು ಎಂದು ಅವಳು ಹೇಳಿದ್ದು ಇಷ್ಟು: "ತಪ್ಪಾಯ್ತು ಅಂತ ಬರ್ಯೋವಾಗ್ಲೂ ಆ ಮಾತ್ ಬ್ಯಾಡ ಅಂತ ಏಳವ್ವ. ಇನ್ನೊಂದ್ ಕಿತ ಕೇಳಕ್ಕೆ ನನ್ ಕೈಲಾಗಲ್ಲ."