ನಿನ್ನಪ್ಪನ ದಾಳಿ, ನನ್ನ ಫ್ಲಾಸ್ಕು

ನನ್ನ ಬಂಗಾರ ಮೈಲೆನ್,

ನೀನೀಗ ಮಲಗಿದ್ದೀಯ. ನೀನೂ ಮಲಗು ಅಂತ ನಿನ್ನಜ್ಜಿ ನೆಲಿದಾ ಅಡುಗೆಮನೆಯಿಂದಲೇ ನನ್ನನ್ನು ಗದರಿಸುತ್ತಿದ್ದಾರೆ. ಆದರೆ ನೀನು ಎದ್ದಿದ್ದರೆ ಅಳುತ್ತೀಯೆಂದು ನನಗೆ ನಿದ್ದೆಯಿಲ್ಲ, ಮಲಗಿದರೆ ಉಸಿರಾಡುತ್ತಿದ್ದೀಯೋ ಇಲ್ಲವೋ ಎಂದು ನಿದ್ದೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡವಳಾದ ಮೇಲೆ ಓದು. ನಿನ್ನಪ್ಪ ಹೇಳುವ ಕಥೆಯೊಂದನ್ನೇ ನಂಬಿಕೊಂಡು ಕೂರಬೇಡ.

ನಿನ್ನಪ್ಪ ಎಲ್ವಿಯೊ ಓಡಿಸುವುದು ಸಮುದ್ರದಲ್ಲಿ ಈಜಿ, ದಡ ಹತ್ತಿ, ನೆಲದ ಮೇಲೂ ಓಡುವ ಉಕ್ಕಿನ ಗಾಡಿ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು; ಅದು ಯಾಕೆ ಮುಳುಗುವುದಿಲ್ಲವೆಂದು ಬರೆದು ತೋರಿಸಬಲ್ಲೆ. ಅವನು ಅದರೊಳಗೆ ಕೂತು ಹಡಗಿನಿಂದ ನೀರಿಗೆ ಧುಮುಕುವ ದಿನ ಮಾತ್ರ ನನ್ನ ಭೌತಶಾಸ್ತ್ರದ ಮೇಲೆ ನನಗೇ ನಂಬಿಕೆಯಿರುವುದಿಲ್ಲ.

ನೌಕಾಪಡೆಯ ಈ ಸಲದ ಯುದ್ಧಾಭ್ಯಾಸದಲ್ಲಿ ಗೆದ್ದ ತಂಡ ಇಡೀ ಚಳಿಗಾಲ ದಕ್ಷಿಣದ ಸಮುದ್ರಯಾನಕ್ಕೆ ಹೋಗಬೇಕಿತ್ತು. ಅವನಿಗೆ ಬಲು ಆಸೆ. ನನಗೆ ಒಬ್ಬಳೇ ಆಗುವ ಹೆದರಿಕೆ. ಗೆದ್ದು ಬಾ ಅಂದೆ. ಮನಸ್ಸಿನೊಳಗೆ ಬೇರೆಯೇ ಪ್ರಾರ್ಥನೆ ನಡೆದಿತ್ತು. ಚಳಿಯಾದೀತೆಂದು ಮನೆಯ ದೊಡ್ಡ ಫ್ಲಾಸ್ಕಿನ ತುಂಬ ಬಿಸಿನೀರು ಹಾಕಿಕೊಟ್ಟೆ.

ಇಂಥ ದಾಳಿಯೆಂದರೆ ದಡ ಹಿಡಿದು ಕೂರುವುದಲ್ಲ ಮಗಳೇ. ಬರಬೇಕು, ಬಡಿಯಬೇಕು, ನೀರಿಳಿಯುವ ಮೊದಲೇ ವಾಪಸಾಗಬೇಕು. ನಮ್ಮ ಕೊಲ್ಲಿಯಲ್ಲಿ ಉಬ್ಬರ ಇಳಿದರೆ ಉಳಿಯುವುದು ಬರೀ ಕೆಸರು. ರಬ್ಬರ್ ದೋಣಿಯವರು ದೋಣಿ ಹೊತ್ತುಕೊಂಡಾದರೂ ಓಡಬಹುದು. ಉಕ್ಕು, ಮಷಿನ್‌ಗನ್, ಮಾರ್ಟರ್ ಎಲ್ಲ ಹೇರಿಕೊಂಡು ಬಂದವನಿಗೆ ಆ ಸುಖವಿಲ್ಲ.

ನಿನ್ನಪ್ಪ ಭರ್ಜರಿಯಾಗಿಯೇ ಬಂದನಂತೆ. ಹೊಗೆ, ಖಾಲಿ ಗುಂಡುಗಳ ಆರ್ಭಟ. ಎದುರಾಳಿಗಳೆಲ್ಲ ಸತ್ತರೆಂದು ತೀರ್ಪುಗಾರ ಸಾರಿದ. ಸತ್ತವರು ಮರಳಿನ ಮೇಲೆ ಆರಾಮಾಗಿ ಕೂತು ಮಾಟೆ ಸೊಪ್ಪಿನ ಚಹಾ ಕುಡಿಯುವ ಸೋರೆಬುರುಡೆ ಹೊರತೆಗೆದರು. ಸೊಪ್ಪಿನ ಪುಡಿ ಇತ್ತು, ಬಿಸಿನೀರಿರಲಿಲ್ಲ. ಅವರ ಫ್ಲಾಸ್ಕಿದ್ದ ಗುಡಾರವನ್ನು ನಿನ್ನಪ್ಪನ ಗಾಡಿ ಆಗಷ್ಟೇ ತುಳಿದು ಹಾಕಿತ್ತು.

ಸತ್ತವರ ಸಾರ್ಜೆಂಟ್ ಬಸುವಾಲ್ದೊ ಗಾಡಿಯ ಬಾಗಿಲು ಬಡಿದನಂತೆ. “ಲೋ ಎಲ್ವಿಯೊ, ನಮ್ಮನ್ನ ಕೊಂದಿದ್ದು ಹೋಗ್ಲಿ ಬಿಡು. ಫ್ಲಾಸ್ಕು ಒಡೆದ್ಯಲ್ಲ, ಅದಕ್ಕೇನಂತೀಯ?”

ನಿನ್ನಪ್ಪ ನನ್ನ ಫ್ಲಾಸ್ಕು ಹಿಡಿದು ಇಳಿದ. ಮಾಟೆ ಕುಡಿಯುವಾಗ ನೀರು ಯಾರದೋ ಸುರಿಯುವವನೂ ಅವನೇ, ಅದು ನಮ್ಮ ಕಡೆಯ ಕಟ್ಟಳೆ. ಒಂದೇ ಬುರುಡೆ, ಒಂದೇ ಕೊಳವೆ. ಒಬ್ಬರು ಹೀರಿ ಮುಗಿಸಿದರೆ ತುಂಬಿ ಇನ್ನೊಬ್ಬರಿಗೆ. ಥ್ಯಾಂಕ್ಸ್ ಅಂದವನಿಗೆ ಸಾಕಾಯಿತೆಂದು ಅರ್ಥ. ಎಲ್ಲರೂ ಅನ್ನುವ ತನಕ ಸುರಿಯುವವನು ಏಳುವ ಹಾಗಿಲ್ಲ. ಚಳಿಯಲ್ಲಿ ನಡುಗುತ್ತಿದ್ದ ಸತ್ತವರಲ್ಲಿ ಒಬ್ಬನೂ ಬಾಯಿಬಿಟ್ಟು ಥ್ಯಾಂಕ್ಸ್ ಅನ್ನಲಿಲ್ಲ. ಫ್ಲಾಸ್ಕೂ ಖಾಲಿಯಾಗಲೊಲ್ಲದು. ಕೊನೆಗೆ ತಿರುಗಿ ನೋಡಿದರೆ ಸಮುದ್ರವೇ ಎದ್ದು ಹೋಗಿತ್ತು. ಗಾಡಿ ಹೊಟ್ಟೆಯ ತನಕ ಕೆಸರಿನಲ್ಲಿ.

ಕ್ಯಾಪ್ಟನ್ ಕರೆಸಿ ಕೇಳಿದಾಗ ಇವನು ಹೇಳಿದ್ದು, “ಎದುರಾಳಿ ಸತ್ತರು ಸರ್. ಆದ್ರೆ ಥ್ಯಾಂಕ್ಸ್ ಹೇಳ್ಲಿಲ್ಲ.” ಅವರೂ ಇಲ್ಲಿಯವರೇ ತಾನೆ, ಮಾಟೆಯ ಕಟ್ಟಳೆ ಬಲ್ಲವರು, ಫ್ಲಾಸ್ಕು ಎಷ್ಟು ದೊಡ್ಡದಿತ್ತು ಅಂತ ವಿಚಾರಿಸಿದರಂತೆ. ಸಮುದ್ರಯಾನ ಬೇರೆ ತಂಡದ ಪಾಲಾಯಿತು. ಇವನಿಗೆ ಚಳಿಗಾಲವಿಡೀ ಗಾಡಿಯ ಕೆಸರು ಕೆರೆಯುವ ಕೆಲಸ, ಸಂಜೆಯಾದರೆ ಮನೆ.

“ಓದಿದವಳೇ, ಮನೇಲಿ ಸಣ್ಣ ಫ್ಲಾಸ್ಕೂ ಇತ್ತಲ್ಲ?” ಅಂದರು ಅಜ್ಜಿ.

“ಚಳಿಯಾಗುತ್ತೆ ಅಂತ ಅತ್ತೆ,” ಅಂದೆ. ಅವರು ನನ್ನ ಮುಖ ನೋಡುತ್ತಲೇ ಆ ಸಣ್ಣ ಫ್ಲಾಸ್ಕನ್ನು ಕಪಾಟಿನ ಹಿಂದಕ್ಕೆ ತಳ್ಳಿದರು.

ದಕ್ಷಿಣಕ್ಕೆ ಆ ಹಡಗು ಹೊರಟ ದಿನ ನಿನ್ನಪ್ಪ ಊಟ ಸರಿಯಾಗಿ ಮಾಡಲಿಲ್ಲ. ನಿನ್ನನ್ನು ಎದೆಯ ಮೇಲೆ ಹಾಕಿಕೊಂಡು ಸುಮ್ಮನೆ ಒರಗಿದ. ಯಾವ ಲಾಲಿಗೂ ಬಗ್ಗದ ನೀನು ಆ ಡೀಸೆಲ್ಲು, ಕೆಸರಿನ ವಾಸನೆಗೆ ನಿದ್ದೆಹೋದೆ. ಅವನೂ ನಿದ್ದೆಹೋದ. ನಾನು? ಅಲ್ಲಿಯ ತನಕ ಒಬ್ಬರ ಉಸಿರು ನೋಡುತ್ತಿದ್ದೆ, ಈಗ ಇಬ್ಬರದು.

ನಿನ್ನ ಬಾಳಿಗೆ ಯಾರೇ ನುಗ್ಗಿ ಬಂದರೂ ಅವರಿಗೊಂದು ಗುಟುಕು ಕೊಡುವಷ್ಟು ಬಿಸಿನೀರು ನಿನ್ನಲ್ಲಿರಲಿ, ಕಂದಾ. ಚೆನ್ನಾಗಿ ನಿದ್ದೆ ಮಾಡು, ನನ್ನ ಪಾಲಿನದನ್ನೂ ಸೇರಿಸಿ.

ಎಚ್ಚರವಾಗಿಯೇ ಇರುವ ನಿನ್ನ ಅಮ್ಮ,
ಯಾನಿನಾ