ಬಸ್‌ಸ್ಟಾಪಿನ ಕಡೆಗಿರುವ ಫ್ಯಾನು

ಕೋಲಸಿರ್ಸಿ
12 ಫೆಬ್ರವರಿ 2024, ಸೋಮವಾರ

ಪ್ರೀತಿಯ ತಮ್ಮ ಉದಯನಿಗೆ ಅಕ್ಕ ಮಮತಾಳ ಆಶೀರ್ವಾದ.

ಹೇಗಿದ್ದೀಯ ಮಾರಾಯ? ವೆಲ್ಡಿಂಗ್ ಮಾಡಿ ಕಣ್ಣು ಉರಿಯುತ್ತದೆ ಎಂದಿದ್ದೆ, ಕಡಿಮೆಯಾಯಿತೇ? ಗೋವಾದ ಬಿಸಿಲಿಗೆ ಮಜ್ಜಿಗೆ ಕುಡಿ, ಸೋಡಾ ಬೇಡ. ಅವ್ವ ಗಟ್ಟಿಯಾಗಿದ್ದಾಳೆ, ದಿನಕ್ಕೆ ನಾಲ್ಕು ಸಲ ನನ್ನನ್ನು ಬೈಯುವಷ್ಟು ಶಕ್ತಿಯಿದೆ. ಕೈಯಲ್ಲಿ ಫೋನಿರುವಾಗ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಾದರೆ ನೀನು ಮೊದಲು ಕೇಳುವುದೇ "ಫ್ಯಾನ್ ಓಡ್ತೈತಾ?" ಎಂದು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ನನಗೆ ಹೆದರಿಕೆಯಾಗಿದೆ ಉದಯ. ಅದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ಬರೆಯಲು ಧೈರ್ಯ ಬಂದೀತು.

ನಿನ್ನ ಹೆಂಡತಿ ಮಧುರಾಳಿಗೆ ಕೆಮ್ಮು ಬಿಡುತ್ತಿಲ್ಲ. ದೀಪಾವಳಿ ಮುಗಿದ ಮೇಲೆ ಶುರುವಾಗಿದ್ದು. ಶೀತ ಅಂದಳು, ಕಾಳುಮೆಣಸಿನ ಕಷಾಯ ಮಾಡಿಕೊಟ್ಟೆ. ಆಮೇಲೆ ಗದ್ದೆಯ ಕಡೆಯಿಂದ ಬರುವ ಇಬ್ಬನಿಯ ಮೇಲೆ ತಪ್ಪು ಹಾಕಿದಳು. ಈಗ ಕೆಲಸದಿಂದ ಮನೆಗೆ ಬರುವ ಅಷ್ಟು ಸಣ್ಣ ದಾರಿಯಲ್ಲಿ ಎರಡು ಸಲ ನಿಲ್ಲುತ್ತಾಳೆ, ಚಪ್ಪಲಿಯ ಬಾರು ಸರಿಮಾಡುವವಳ ಹಾಗೆ ಬಗ್ಗುತ್ತಾಳೆ. ಬಾರು ಸರಿಯಾಗಿಯೇ ಇರುತ್ತದೆ. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಕೊನೆಯ ವರ್ಷ ಹೀಗೇ ಬಗ್ಗಿ ನಿಲ್ಲುತ್ತಿದ್ದ, ನೀನು ಚಿಕ್ಕವನು, ನಿನಗೆ ನೆನಪಿರಲಿಕ್ಕಿಲ್ಲ. ಅವನ ಎದೆಯೊಳಗಿಂದ ಬರುತ್ತಿದ್ದ ಸುಂಯ್ ಎನ್ನುವ ಸದ್ದು ನನಗೆ ಚೆನ್ನಾಗಿ ನೆನಪಿದೆ. ಮೊನ್ನೆ ಮಧುರಾ ನನ್ನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಅದೇ ಸದ್ದು ಕೇಳಿಸಿತು. ಅವ್ವನಿಗೂ ಕೇಳಿಸಿರಬೇಕು, ಅವಳ ಕೈ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಮಹಿಳಾ ಸಂಘದ ಕೋಣೆಯನ್ನು ನೀನೇ ನೋಡಿದ್ದೀಯ. ಅಲ್ಲಿ ನಾವು ಏನು ಮಾಡುತ್ತೇವೆಂದು ತಮ್ಮನಿಗೆ ಬರೆಯಲೂ ಕೈ ಹಿಂಜರಿಯುತ್ತದೆ ನೋಡು. ಇರಲಿ, ಮುಟ್ಟಿನ ಪ್ಯಾಡು. ಊರಿಗೆಲ್ಲ ಆಸ್ಪತ್ರೆಯ ಹತ್ತಿ ಎಂದು ಹೇಳಿಕೊಂಡು ಎರಡು ವರ್ಷ ಕಳೆದೆವು. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಗಂಡಸರು ಕೂತಿರುತ್ತಾರೆಂದು ಆ ಕಡೆಯ ಎರಡೂ ಕಿಟಕಿಗೆ ಪ್ಲೈವುಡ್ ಹೊಡೆಸಿದವಳು ನಾನೇ. ಒಳಗೆ ಮಧುರಾ ರಟ್ಟಿನಂಥ ಬಿಳಿ ಹಾಳೆಗಳನ್ನು ಹರಿದು ಗ್ರೈಂಡರಿಗೆ ಹಾಕುತ್ತಾಳೆ, ಅದು ಹತ್ತಿಯ ಹಾಗೆ ಅರಳಿ ಬರುತ್ತದೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಎದ್ದು ಕೋಣೆ ತುಂಬುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಒಂದೇ ದಿನದಲ್ಲಿ ಅಜ್ಜಿಯಾದೆ ಎಂದು ನಾವು ನಗುತ್ತಿದ್ದೆವು.

ಧೂಳು ಕಡಿಮೆ ಮಾಡಲು ಅವಳು ಪ್ರಯತ್ನಿಸದೇ ಇರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕಟ್ಟುವ ಹಾಗೆ ಗ್ರೈಂಡರಿನ ಬಾಯಿಗೆ ಹಳೇ ಸೀರೆಯನ್ನು ತೋಳಿನ ಹಾಗೆ ಹೊಲಿದು ಕಟ್ಟಿದಳು. ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸುವುದಿಲ್ಲವೇ, ಹಾಗೆ ಸಂಜೆ ಹಾಳೆಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಹಾಕಿ ನೋಡಿದಳು. ಅರ್ಧಕ್ಕರ್ಧ ಧೂಳು ಏಳಲಿಲ್ಲ. ಆದರೆ ಒಂದು ದಿನ ತೇವ ಹೆಚ್ಚಾಗಿ ಗಂಟು ಗಂಟಾಯಿತು, ಸಿದ್ದಾಪುರದ ಹಾಸ್ಟೆಲಿನಿಂದ ಎರಡು ಪೆಟ್ಟಿಗೆ ಮಾಲು ವಾಪಸು ಬಂತು. ನಾನು ಎಲ್ಲರ ಎದುರಿಗೇ ರೇಗಿದೆ. ನೀರಿನ ಆಟ ಬೇಡ ಅಂದೆ. ನೀರು ಎಷ್ಟು ಬೇಕೆಂದು ಕೂತು ಅಳತೆ ನೋಡಬಹುದಿತ್ತು, ಅಷ್ಟು ತಾಳ್ಮೆ ನನಗೆಲ್ಲಿ? ಕೆಮ್ಮು ಜೋರಾದಾಗ ಬೇರೆಯವರನ್ನು ಕೂರಿಸುತ್ತೇನೆ ಎಂದು ನಾನು ಹೇಳಿದರೆ ಅವಳೇ ಒಪ್ಪಲಿಲ್ಲ. "ನಾ ಎದ್ರೆ ಪರಿಮಳಕ್ಕ ಕೂರ್ಬೇಕಲೆ ಅಕ್ಕ, ಅವ್ಳದ್ದು ಹಾಲು ಕುಡಿಯ ಕೂಸು" ಎಂದು ಮುಖಕ್ಕೆ ವೇಲು ಸುತ್ತಿಕೊಂಡು ಮತ್ತೆ ಕೂತಳು.

ಶನಿವಾರ ಅವಳನ್ನು ಸಿರ್ಸಿಗೆ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ಮಸುಕು ಇದೆಯಂತೆ. ಕಫ ಪರೀಕ್ಷೆಗೆ ಹೋಗಿದೆ, ಇಪ್ಪತ್ತೆರಡನೇ ತಾರೀಕು ಗುರುವಾರ ವರದಿ. ಕ್ಷಯವಾದರೆ ಮಾತ್ರೆಯಿದೆ, ಅಲ್ಲದಿದ್ದರೆ ಹುಬ್ಬಳ್ಳಿಗೆ ಹೋಗಿ ತೋರಿಸಬೇಕು ಎಂದರು ಡಾಕ್ಟರು. ಕ್ಷಯವೇ ಆಗಲಿ ದೇವರೇ ಎಂದು ಹರಕೆ ಹೊರುವ ಕಾಲ ಬಂತಲ್ಲ ಎನಿಸಿತು. ಕೆಲಸದ ಜಾಗದಲ್ಲಿ ಗಾಳಿ ಆಡುತ್ತದೆಯೇ ಎಂದು ಅವರು ಕೇಳಿದರು. ಫ್ಯಾನ್ ಇದೆ, ತಮ್ಮನೇ ಕೂರಿಸಿದ್ದು ಎಂದೆ. ಮಧುರಾ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು, ನಾನು ಅವಳ ಉಸಿರು ಎಣಿಸುತ್ತ ಕೂತಿದ್ದೆ.

ಇವತ್ತಿನಿಂದ ಮಿಷನ್ನು ನಿಲ್ಲಿಸಿದ್ದೇನೆ. ನೀನು ಗಾಬರಿಯಾಗಿ ಊಟ ಬಿಡಬೇಡ. ಅವ್ವ ನಿನ್ನನ್ನು ಕೇಳಿದ್ದಾಳೆ. ನಮ್ಮ ಭೂತಪ್ಪ ನಿನ್ನನ್ನೂ ಅವಳನ್ನೂ ಕಾಯಲಿ.

ಇಂತಿ ನಿನ್ನ ಅಕ್ಕ,
ಮಮತಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಇದನ್ನು ಬರೆಯಬೇಕು, ಇಲ್ಲದಿದ್ದರೆ ಎಂದೂ ಬರೆಯಲಾರೆ. ನಿನ್ನ ಫ್ಯಾನು ಓಡುತ್ತಿಲ್ಲ ಉದಯ. ದೀಪಾವಳಿಗೆ ಬಂದು ನೀನು ಗೋಡೆ ಒಡೆದು ಕೂರಿಸಿ ಹೋದ ಎಂಟೇ ದಿನಕ್ಕೆ ನಾನು ನಿಲ್ಲಿಸಿದೆ. ನಾರು ಹೊರಗೆ ಹಾರಿ ಕಟ್ಟೆಯ ಮೇಲೆ ಕೂತವರ ಅಂಗಿಗೆ ಹತ್ತುತ್ತಿತ್ತು. ಗಣಪಣ್ಣ ಕಟ್ಟೆಯಿಂದೆದ್ದು ಬಾಗಿಲಿಗೆ ಬಂದು "ಎಂತ ಹಾರಿಸ್ತೀರೆ ಒಳಗೆ?" ಎಂದ. ಆಸ್ಪತ್ರೆಯ ಹತ್ತಿ ಎಂದು ಬಾಗಿಲು ಹಾಕಿಕೊಂಡೆ. ಅವತ್ತೇ ತೂತಿಗೆ ಗೋಣಿಚೀಲ ತುರುಕಿ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ಮೂರು ತಿಂಗಳು ಅವಳು ಅದರ ಕೆಳಗೇ ಕೂತಳು. ನೀನು ಕೇಳಿದಾಗಲೆಲ್ಲ "ಓಡ್ತೈತೆ" ಎಂದಳು, ನನ್ನ ಮರ್ಯಾದೆ ಹೋಗಬಾರದೆಂದು. ಇವತ್ತು ಬೆಳಿಗ್ಗೆ ಚೀಲ ಕಿತ್ತೆ. ಅದರ ಒಳಬದಿಗೆ ಬೆರಳು ದಪ್ಪ ನಾರು ಹತ್ತಿತ್ತು. ಗಣಪಣ್ಣ ನೋಡುತ್ತ ನಿಂತಿದ್ದ, ಪ್ಯಾಡಿನ ನಾರು ಎಂದು ಹೇಳಿದೆ. ಅವನು ಕತ್ತು ಆಡಿಸಿ ಬಸ್ಸು ಹತ್ತಿದ, ಅಷ್ಟೇ. ಅವತ್ತೇ ನಿಜ ಹೇಳಿದ್ದರೂ ಅಷ್ಟೇ ಆಗುವುದಿತ್ತು. ಇಪ್ಪತ್ತೆರಡರೊಳಗೆ ಬಾ. ಬಂದವನು ನನ್ನನ್ನು ಏನು ಬೇಕಾದರೂ ಅನ್ನು. ಯಾಕೆ ಸುಳ್ಳು ಹೇಳಿದೆ ಎಂದು ಅವಳನ್ನು ಮಾತ್ರ ಕೇಳಬೇಡ.